ಉಪ್ಪುನೀರಿನ ಚಾಕಿ

ನಮ್ಮ ಮನೇಲಿ ತಿಂಗಳಿಗೆ ಎರಡು ಹೆರಿಗೆ ಆಗುತ್ತೆ. ಮೀನಿನದು. ಹಲಸೂರಿನ ಜೋಗುಪಾಳ್ಯದಲ್ಲಿ ಎರಡನೇ ಮಹಡಿಯ ಬಾಡಿಗೆ ಮನೆ. ಹಾಲ್‌ನ ಮೂಲೆಯಲ್ಲಿ ಎರಡಡಿ ಉದ್ದ, ಒಂದೂಕಾಲು ಅಡಿ ಅಗಲ, ಅಷ್ಟೇ ಎತ್ತರದ ಒಂದು ಗಾಜಿನ ಟ್ಯಾಂಕ್. ಕಲ್ಲು, ಮರಳು ಕಳೆದರೆ 75 ಲೀಟರ್ ಉಪ್ಪುನೀರು. ಅದರಲ್ಲಿ ಒಂದು ಜೊತೆ ಕ್ಲೌನ್‌ಫಿಶ್. ಕಿತ್ತಳೆ ಮೈ, ಮೂರು ಬಿಳಿ ಪಟ್ಟೆ. 2003ರಲ್ಲಿ ಬಂದ ‘ಫೈಂಡಿಂಗ್ ನೀಮೋ’ ಸಿನಿಮಾ ನೋಡಿದವರಿಗೆ ಗುರುತು ಸಿಗುತ್ತೆ. ಶಿವಾಜಿನಗರದ ಅಂಗಡಿಗಳಲ್ಲಂತೂ ಇದರ ಹೆಸರೇ ನೀಮೋ.

ಇದನ್ನು ಮರಿ ಮಾಡಿಸೋದು ಹೇಗೆ ಅಂತ ಆಫೀಸಿನಲ್ಲಿ ಕೇಳೋರು ಇದ್ದಾರೆ. ಟೆಂಪರೇಚರ್, ಸಲಿನಿಟಿ, ಪಿಎಚ್ ಅಂತ ಏನೇನೋ ಹೇಳಿ ಕಳಿಸ್ತೀನಿ. ನಿಜ ಹೇಳಬೇಕು ಅಂದರೆ ಮೊಟ್ಟೆ ಇಡಿಸಿದ್ದು ನಾನು, ಮರಿ ಉಳಿಸಿದ್ದು ನಮ್ಮಮ್ಮ. ಸಮುದ್ರವನ್ನು ಜೀವನದಲ್ಲಿ ಒಂದೇ ಸಲ, ಧರ್ಮಸ್ಥಳಕ್ಕೆ ಹೋದಾಗ ಮಲ್ಪೆಯಲ್ಲಿ ಹತ್ತು ನಿಮಿಷ ನೋಡಿದ ಕೋಲಾರದ ಹೆಂಗಸು.

ಮೊದಲು ನೀರಿನ ವಿಷಯ ಹೇಳಿಬಿಡ್ತೀನಿ. ಸಮುದ್ರದ ಮೀನು ಸಾಕೋದು ಅಂದರೆ ಮುಕ್ಕಾಲು ಪಾಲು ನೀರು ಸಾಕೋದು. ಬೆಂಗಳೂರು ಇರೋದು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲೆ. ಮಂಗಳೂರಿಗೆ ಹೋದರೂ ಚೆನ್ನೈಗೆ ಹೋದರೂ ಹೆಚ್ಚುಕಮ್ಮಿ 350 ಕಿಲೋಮೀಟರ್ ದಾರಿ. ಹಾಗಾಗಿ ಸಮುದ್ರವನ್ನು ಮನೆಯಲ್ಲೇ ಕಲಸಿಕೊಳ್ಳಬೇಕು. ಅಡುಗೆ ಉಪ್ಪಿನಲ್ಲಿ ಈ ಕೆಲಸ ಆಗಲ್ಲ. ಕ್ಯಾಲ್ಸಿಯಂ, ಮೆಗ್ನೀಸಿಯಂ ಎಲ್ಲ ಲೆಕ್ಕಕ್ಕೆ ಸೇರಿಸಿದ ಅಕ್ವೇರಿಯಂ ಉಪ್ಪು ಅಂತಲೇ ಡಬ್ಬದಲ್ಲಿ ಬರುತ್ತೆ, ಲೀಟರಿಗೆ ಸುಮಾರು 35 ಗ್ರಾಂ. ನಲ್ಲಿ ನೀರನ್ನು ನೇರವಾಗಿ ಹಾಕೋ ಹಾಗಿಲ್ಲ, ಆರ್‌ಓದಲ್ಲಿ ಇಳಿಸಿದ ನೀರೇ ಬೇಕು. ಅಂದರೆ ನೂರು ಕಿಲೋಮೀಟರ್ ದೂರದಿಂದ ಐನೂರು ಮೀಟರ್ ಎತ್ತರಕ್ಕೆ ಪಂಪ್ ಆಗಿ ಬರೋ ಕಾವೇರಿ ನೀರನ್ನು ಸೋಸಿ, ಉಪ್ಪು ಬೆರೆಸಿ ಸಮುದ್ರ ಮಾಡೋದು. ಕಾವೇರಿ ಹೇಗಿದ್ರೂ ಸಮುದ್ರಕ್ಕೇ ಹೋಗಬೇಕಿತ್ತಲ್ಲ, ನಮ್ಮನೇಲಿ ಅದಕ್ಕೆ ಶಾರ್ಟ್‌ಕಟ್.

ಸಣ್ಣ ಟ್ಯಾಂಕ್ ಸುಲಭ ಅಂದುಕೊಳ್ಳಬೇಡಿ. ಕೆರೆಗೆ ಒಂದು ಹಿಡಿ ಕಸ ಬಿದ್ದರೆ ಕೆರೆಗೆ ಗೊತ್ತಾಗಲ್ಲ, ಬಿಂದಿಗೆಗೆ ಬಿದ್ದರೆ ಗೊತ್ತಾಗುತ್ತೆ. ಬೇಸಿಗೆಯಲ್ಲಿ ದಿನಕ್ಕೆ ಅರ್ಧ-ಮುಕ್ಕಾಲು ಲೀಟರ್ ಆವಿಯಾಗಿ ಹೋಗುತ್ತೆ, ಉಪ್ಪು ಮಾತ್ರ ಹಾಗೇ ಉಳಿದು ನೀರು ಗಡುಸಾಗುತ್ತೆ. ಅದಕ್ಕೆ ದಿನಾ ಬೆಳಿಗ್ಗೆ ಹಲ್ಲುಜ್ಜೋಕೆ ಮುಂಚೆ ಅಷ್ಟೇ ಸಿಹಿನೀರು ಸುರಿಯೋದು ನನ್ನ ಪದ್ಧತಿ. ಇನ್ನು, ಮೀನು ಬಿಡೋಕೆ ಮುಂಚೆ ಐದಾರು ವಾರ ಬರೀ ನೀರನ್ನೇ ಓಡಿಸಬೇಕು. ಮೀನಿನ ಗಲೀಜಿನಿಂದ ಬರೋ ಅಮೋನಿಯಾವನ್ನು ನೈಟ್ರೈಟ್ ಮಾಡೋ ಬ್ಯಾಕ್ಟೀರಿಯಾ, ಆ ನೈಟ್ರೈಟನ್ನು ನೈಟ್ರೇಟ್ ಮಾಡೋ ಇನ್ನೊಂದು ಬ್ಯಾಕ್ಟೀರಿಯಾ, ಎರಡೂ ಬಂದು ಕಲ್ಲಿನ ಮೇಲೆ ಸಂಸಾರ ಹೂಡಬೇಕು. ಹೆಪ್ಪು ಹಾಕಿ ಮೊಸರಿಗೆ ಕಾಯೋ ಥರ. ಕಲ್ಲು ಅಂದೆನಲ್ಲ, ಹವಳದ ಕಲ್ಲು ಹಾಕಿ ಸಾರ್ ಅಂತ ಸಲಹೆ ಕೊಟ್ಟೋರಿದ್ದರು. ಹವಳ ನಮ್ಮ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಹುಲಿ ಇರೋ ಪಟ್ಟಿಯಲ್ಲೇ ಇದೆ. ನಮ್ಮದು ಸೆರಾಮಿಕ್ ಕಲ್ಲು.

ಎರಡು ಸಣ್ಣ ಮೀನು ತಂದಿದ್ದು ರಸೆಲ್ ಮಾರುಕಟ್ಟೆಯ ಆಸುಪಾಸಿನ ಒಂದು ಗಲ್ಲಿಯಿಂದ, ಜೊತೆಗೆ ಒಂದೂವರೆ ಸಾವಿರ. ಗಂಡು ಯಾವುದು, ಹೆಣ್ಣು ಯಾವುದು ಅಂತ ಕೇಳೋ ಅಗತ್ಯ ಇಲ್ಲ, ಕೇಳಿದರೂ ಪ್ರಯೋಜನ ಇಲ್ಲ. ಕ್ಲೌನ್‌ಫಿಶ್‌ನಲ್ಲಿ ಮೊದಲು ಹೆಣ್ಣು ಅನ್ನೋದೇ ಇರಲ್ಲ. ಜೊತೆಯಲ್ಲಿ ಯಾವುದು ದೊಡ್ಡದಾಗಿ ಬೆಳೆದು ದರ್ಬಾರು ಮಾಡುತ್ತೋ ಅದು ಹೆಣ್ಣಾಗುತ್ತೆ, ತಗ್ಗಿ ನಡೆಯೋದು ಗಂಡಾಗುತ್ತೆ. ದೊಡ್ಡದು ಎದುರಿಗೆ ಬಂದರೆ ಚಿಕ್ಕದು ಮೈ ಅದುರಿಸಿ ಪಕ್ಕಕ್ಕೆ ವಾಲುತ್ತೆ, ಸಲಾಂ ಹೊಡೆದ ಹಾಗೆ. ಒಂದು ವೇಳೆ ಹೆಣ್ಣು ಸತ್ತುಹೋದರೆ ಈ ಗಂಡೇ ಕೆಲವು ತಿಂಗಳಲ್ಲಿ ಹೆಣ್ಣಾಗಿಬಿಡುತ್ತೆ. ಸಿನಿಮಾದಲ್ಲಿ ಅಮ್ಮ ಸತ್ತಮೇಲೆ ಅಪ್ಪ ಮಗನನ್ನು ಹುಡುಕಿಕೊಂಡು ಹೋಗ್ತಾನಲ್ಲ, ನಿಜವಾದ ಸಮುದ್ರದಲ್ಲಾಗಿದ್ದರೆ ಅಪ್ಪನೇ ಅಮ್ಮ ಆಗಿರ್ತಿದ್ದ. ಮಕ್ಕಳ ಸಿನಿಮಾಕ್ಕೆ ಅದು ಹೊಂದಲ್ಲ ಬಿಡಿ.

ಇಲ್ಲೊಂದು ಮಾತು ಹೇಳಬೇಕು. ಅಂಗಡಿಗೆ ಬರೋ ಸಮುದ್ರದ ಬಣ್ಣದ ಮೀನುಗಳಲ್ಲಿ ಬಹುಪಾಲು ಹವಳದ ದಿಬ್ಬಗಳಿಂದ ಹಿಡಿದು ತಂದವು. ಕೆಲವು ದೇಶಗಳಲ್ಲಿ ಸಯನೈಡ್ ಚಿಮುಕಿಸಿ ಮಂಕು ಹಿಡಿಸಿ ಹಿಡಿಯೋದೂ ಉಂಟು, ಮೀನಿನ ಜೊತೆ ಹವಳವೂ ಸಾಯುತ್ತೆ. 2017ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ಅಕ್ವೇರಿಯಂ ಅಂಗಡಿಗಳಿಗೆ ಹೊಸ ನಿಯಮ ತಂದು 158 ಜಾತಿಯ ಮೀನುಗಳನ್ನು ಇಡೋ ಹಾಗಿಲ್ಲ, ಮಾರೋ ಹಾಗಿಲ್ಲ ಅಂದಿತ್ತು. ಕ್ಲೌನ್‌ಫಿಶ್ ಕೂಡ ಆ ಪಟ್ಟಿಯಲ್ಲಿತ್ತು. ವ್ಯಾಪಾರದವರು ಗಲಾಟೆ ಎಬ್ಬಿಸಿದರು, ಆ ನಿಯಮ ವಾಪಸ್ ಹೋಯಿತು. ನನ್ನ ಕೇಳಿದರೆ ಉದ್ದೇಶ ಸರಿಯಿತ್ತು, ಪಟ್ಟಿ ಸರಿಯಿರಲಿಲ್ಲ. ಸಮುದ್ರದ ಬಣ್ಣದ ಮೀನುಗಳಲ್ಲಿ ಮನುಷ್ಯನ ಕೈಯಲ್ಲಿ ಸಲೀಸಾಗಿ ಮರಿ ಮಾಡೋ ಕೆಲವೇ ಕೆಲವು ಜಾತಿಗಳಲ್ಲಿ ಇದೊಂದು. ಸಿಎಂಎಫ್‌ಆರ್‌ಐ ಅಂತ ಕೇಂದ್ರದ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆ ಇದೆ, ಮಂಗಳೂರು, ಕಾರವಾರದಲ್ಲೂ ಅದರ ಕೇಂದ್ರಗಳಿವೆ. ಅದರ ಮಂಡಪಂ, ವಿಳಿಂಜಂ ಕೇಂದ್ರಗಳಲ್ಲಿ ಎಷ್ಟೋ ವರ್ಷಗಳ ಹಿಂದೆಯೇ ಕ್ಲೌನ್‌ಫಿಶ್ ಮರಿ ಮಾಡಿಸೋ ವಿಧಾನ ಕಂಡುಕೊಂಡಿದ್ದಾರೆ. ಲಕ್ಷದ್ವೀಪದ ಅಗತ್ತಿಯಲ್ಲಿ ದ್ವೀಪದ ಹೆಂಗಸರಿಗೆ ಸಮುದ್ರದ ಅಲಂಕಾರಿಕ ಜೀವಿಗಳನ್ನು ಸಾಕೋ ತರಬೇತಿ ಸಿಕ್ಕಿದೆ. ಹೆಂಗಸರಿಗೆ ಅನ್ನೋದನ್ನ ನೆನಪಿಟ್ಟುಕೊಳ್ಳಿ.

ನಮ್ಮ ಜೋಡಿ ಎರಡು ವರ್ಷ ಸುಮ್ಮನೆ ತಿಂದುಕೊಂಡು ಬೆಳೆದವು. ಮೊಟ್ಟೆ ಇಡೋಕೆ ಗಟ್ಟಿಯಾದ, ಚೊಕ್ಕಟವಾದ ಜಾಗ ಬೇಕು. ಕಂಟೋನ್ಮೆಂಟ್ ಕಡೆ ಪಾಟರಿ ಟೌನ್ ಇದೆಯಲ್ಲ, ಗಣೇಶನ ಹಬ್ಬಕ್ಕೆ ಮುಂಚೆ ಮೂರ್ತಿ ತರೋಕೆ ಜನ ಹೋಗೋ ಕುಂಬಾರರ ಬೀದಿ, ಅಲ್ಲಿಂದ ಬಣ್ಣ ಹಚ್ಚದ, ಮೆರುಗು ಕೊಡದ ಒಂದು ಪುಟ್ಟ ಮಣ್ಣಿನ ಕುಂಡ ತಂದೆ. ನಲವತ್ತು ರೂಪಾಯಿ. ಅದನ್ನು ಅಡ್ಡ ಮಲಗಿಸಿ ಇಟ್ಟೆ. 2023ರ ಸೆಪ್ಟೆಂಬರ್‌ನಲ್ಲಿ ಒಂದು ದಿನ ಎರಡೂ ಸೇರಿ ಕುಂಡದ ಒಳಗೋಡೆಯನ್ನು ಬಾಯಿಂದ ಕಚ್ಚಿ ಕಚ್ಚಿ ಉಜ್ಜೋಕೆ ಶುರು ಮಾಡಿದವು. ಮಾರನೇ ದಿನ ಸಾಯಂಕಾಲ ಮನೆಗೆ ಬಂದಾಗ ಗೋಡೆಗೆ ಕಿತ್ತಳೆ ಬಣ್ಣದ ಒಂದು ತೇಪೆ. ಹತ್ತಿರ ಹೋಗಿ ನೋಡಿದರೆ ನೂರಿಪ್ಪತ್ತೋ ನೂರೈವತ್ತೋ ಮೊಟ್ಟೆ, ಒಂದೊಂದೂ ಒಂದು ತುದಿಯಲ್ಲಿ ಕುಂಡಕ್ಕೆ ಅಂಟಿಕೊಂಡು ನಿಂತಿದೆ.

ಆಮೇಲೆ ಎಲ್ಲ ಗಂಡಿನ ಕೆಲಸ. ರೆಕ್ಕೆ ಬೀಸಿ ಮೊಟ್ಟೆಗಳಿಗೆ ನೀರು ಆಡಿಸೋದು, ಹಾಳಾದ ಮೊಟ್ಟೆಯನ್ನು ಬಾಯಲ್ಲಿ ಕಿತ್ತು ತೆಗೆಯೋದು, ಗಾಜಿನ ಹತ್ತಿರ ನನ್ನ ಬೆರಳು ಕಂಡರೆ ಹಾರಿಬರೋದು. ಹೆಣ್ಣು ಆಗಾಗ ಬಂದು ನೋಡಿ ಹೋಗುತ್ತೆ. ದಿನ ಕಳೆದಂತೆ ಕಿತ್ತಳೆ ಬಣ್ಣ ಕಂದಾಗಿ, ಆರನೇ ದಿನದ ಹೊತ್ತಿಗೆ ಪ್ರತಿ ಮೊಟ್ಟೆಯಲ್ಲೂ ಬೆಳ್ಳಿಯ ಎರಡು ಕಣ್ಣು ಹೊಳೆಯುತ್ತೆ. ಏಳನೇ ಅಥವಾ ಎಂಟನೇ ರಾತ್ರಿ, ದೀಪ ಆರಿದ ಒಂದೆರಡು ಗಂಟೆಯೊಳಗೆ ಒಡೆಯುತ್ತವೆ.

ಕಷ್ಟ ಶುರುವಾಗೋದು ಅಲ್ಲಿಂದ. ಮರಿ ಮೂರು-ನಾಲ್ಕು ಮಿಲಿಮೀಟರ್ ಉದ್ದ, ಗಾಜಿನ ಚೂರಿಗೆ ಕಣ್ಣು ಅಂಟಿಸಿದ ಹಾಗೆ. ಅದರ ಬಾಯಿಗೆ ಪುಡಿ ತಿಂಡಿ ಹಿಡಿಯಲ್ಲ, ಹಿಡಿದರೂ ಸತ್ತ ತಿಂಡಿ ಅದಕ್ಕೆ ತಿಂಡಿ ಅಂತಲೇ ಗೊತ್ತಾಗಲ್ಲ. ಜೀವಂತ ಓಡಾಡೋ ರೋಟಿಫರ್ ಬೇಕು. ಮಿಲಿಮೀಟರಿನ ಹತ್ತರಲ್ಲಿ ಒಂದೆರಡು ಭಾಗದಷ್ಟು ಇರೋ ಜೀವಿ ಅದು. ಆ ರೋಟಿಫರ್‌ಗೆ ತಿನ್ನೋಕೆ ಹಸಿರು ಪಾಚಿ ಬೇಕು. ಅಂದರೆ ಮೀನು ಸಾಕಬೇಕು ಅಂದರೆ ಮೀನಿನ ಊಟವನ್ನೂ ಸಾಕಬೇಕು, ಊಟದ ಊಟವನ್ನೂ ಸಾಕಬೇಕು. ಚೆನ್ನೈನ ಕೊಳತ್ತೂರು ಬಣ್ಣದ ಮೀನಿಗೆ ಹೆಸರುವಾಸಿ. ಅಲ್ಲಿಂದ ರಾತ್ರಿ ಬಸ್ಸಿನಲ್ಲಿ ಒಂದು ಲೀಟರ್ ಬಾಟಲಿ ರೋಟಿಫರ್ ತರಿಸಿದೆ. ಬಾತ್‌ರೂಮಿನ ಪಕ್ಕದ ಯುಟಿಲಿಟಿಯಲ್ಲಿ ಕತ್ತು ಕತ್ತರಿಸಿದ ಎರಡು ಇಪ್ಪತ್ತು ಲೀಟರ್ ಕ್ಯಾನು, ಒಂದರಲ್ಲಿ ಹಸಿರು ನೀರು, ಒಂದರಲ್ಲಿ ರೋಟಿಫರ್. ಇದು ಕೈಗೆ ಹತ್ತೋವರೆಗೂ ನಾಲ್ಕು ಸಲ ಇಟ್ಟ ಮೊಟ್ಟೆಯನ್ನು ಹಾಗೇ ಬಿಟ್ಟುಬಿಟ್ಟೆ. ಐದನೇ ಸಲ ಹಿಡಿದ ಮರಿಗಳು ನಾಲ್ಕನೇ ದಿನಕ್ಕೆ ಮುಗಿದವು. ಆರನೇದೂ ಅಷ್ಟೇ. ನಾನೂ ಹೆಂಡತಿಯೂ ಒಂಬತ್ತು ಗಂಟೆಗೆ ಮನೆ ಬಿಟ್ಟರೆ ಏಳಕ್ಕೆ ಬರೋದು. ಆ ಹತ್ತು ಗಂಟೆಯಲ್ಲಿ ಬಕೆಟ್ಟಿನಲ್ಲಿ ಏನು ನಡೀತಿದೆ ಅಂತ ನೋಡೋರು ಯಾರೂ ಇರಲಿಲ್ಲ.

ಅಮ್ಮ ಬಂದಿದ್ದು ಆ ನವೆಂಬರ್‌ನಲ್ಲಿ. ಅಪ್ಪ ತೀರಿಕೊಂಡು ವರ್ಷ ಆಗಿತ್ತು, ವರ್ಷಾಬ್ದಿಕ ಮುಗಿಸಿ ಕರ್ಕೊಂಡು ಬಂದೆ. ಕೋಲಾರದ ಬಸ್ಸಿನಲ್ಲಿ ಕೆ.ಆರ್. ಪುರದ ತೂಗುಸೇತುವೆ ಹತ್ತಿರ ಇಳಿದು, ಹಿಂದಿನ ತಿಂಗಳಷ್ಟೇ ಬೈಯಪ್ಪನಹಳ್ಳಿಗೆ ಕೂಡಿಕೊಂಡಿದ್ದ ನೇರಳೆ ಮೆಟ್ರೋದಲ್ಲಿ ಹಲಸೂರಿಗೆ ಬಂದೆವು. ಇನ್ನು ಇಲ್ಲೇ ಇರ್ತಾಳೆ ಅಂತ ನನ್ನ ಲೆಕ್ಕ. ಊರಲ್ಲಿ ಒಂದು ಎಕರೆ ಇಪ್ಪತ್ತು ಗುಂಟೆ ಜಮೀನು. ಬೋರ್‌ವೆಲ್ ಬತ್ತಿ ಹಿಪ್ಪುನೇರಳೆ ಕಿತ್ತು ಐದು ವರ್ಷ ಆಗಿತ್ತು, ಹುಳದ ಮನೆಯಲ್ಲಿ ಸೌದೆ ತುಂಬಿತ್ತು. ಲೇಔಟಿನವರು ಒಳ್ಳೆ ಬೆಲೆ ಹೇಳ್ತಿದ್ದಾರೆ ಅಂತ ಚಿಕ್ಕಪ್ಪ ವಾರಕ್ಕೊಮ್ಮೆ ಫೋನ್ ಮಾಡೋರು. ಆ ದುಡ್ಡು ಬಂದರೆ ಕೆ.ಆರ್. ಪುರದ ಕಡೆ ಎರಡು ಬೆಡ್‌ರೂಮಿನ ಫ್ಲಾಟಿಗೆ ಮುಂಗಡ ಕಟ್ಟಬಹುದಿತ್ತು. ನಾನು, ಹೆಂಡತಿ ಎರಡು ಕಡೆ ನೋಡಿಕೊಂಡೂ ಬಂದಿದ್ದೆವು. ಅಮ್ಮನ ಸಹಿ ಒಂದು ಬಾಕಿ.

ಅಮ್ಮ ಮಾತ್ರ ಬಂದ ದಿನದಿಂದ ಗೋಡೆಗೆ ಒರಗಿ ಕೂತುಬಿಟ್ಟಳು. ಟಿವಿ ಹಾಕಿದರೆ ನೋಡಲ್ಲ. ಸೋಮೇಶ್ವರ ದೇವಸ್ಥಾನಕ್ಕೆ ಕರ್ಕೊಂಡು ಹೋದರೆ ಬರ್ತಾಳೆ, ಕೈ ಮುಗೀತಾಳೆ, ಬಂದು ಮತ್ತೆ ಅದೇ ಗೋಡೆ. ಕೆಳಗಿನ ಮನೆ ಓನರ್ ಅಜ್ಜಿ ತಮಿಳಿನಲ್ಲಿ ಮಾತಾಡಿಸೋರು, ಇವಳು ತೆಲುಗು ಬೆರೆಸಿ ಉತ್ತರ ಕೊಡೋಳು, ಇಬ್ಬರಿಗೂ ಅರ್ಥ ಆಗ್ತಿತ್ತು. ಅಷ್ಟೇ ಅವಳ ಬೆಂಗಳೂರು. ಮೂವತ್ತೈದು ವರ್ಷ ದಿನಕ್ಕೆ ನಾಲ್ಕೈದು ಹೊತ್ತು ಸೊಪ್ಪು ಕೊಯ್ದು, ಹೆಚ್ಚಿ, ಹುಳಕ್ಕೆ ಹಾಕಿದ ಕೈಗಳು ತೊಡೆ ಮೇಲೆ ಸುಮ್ಮನೆ ಬಿದ್ದಿರೋದನ್ನ ನೋಡೋಕೆ ಆಗ್ತಿರಲಿಲ್ಲ.

ಒಂದು ರಾತ್ರಿ ಸೊಳ್ಳೆ ಬತ್ತಿ ಹಚ್ಚಿದ್ದೆ. ಅಮ್ಮ ಎದ್ದು ಬಂದು ಆರಿಸಿ, ಬಾಲ್ಕನಿಯಲ್ಲಿಟ್ಟು ಬಾಗಿಲು ಹಾಕಿದಳು. “ಜೀವ ಸಾಕ್ತಿದೀನಿ ಅಂತೀಯ, ಈ ಹೊಗೆ ಹಾಕ್ತೀಯಲ್ಲಪ್ಪಾ” ಅಂದಳು. ನಮ್ಮ ಹುಳದ ಮನೆಗೆ ಸೊಳ್ಳೆ ಬತ್ತಿ, ಸೆಂಟು, ಹೊಗೆಸೊಪ್ಪು ಯಾವುದೂ ಬರೋ ಹಾಗಿರಲಿಲ್ಲ. ಬೀಡಿ ಸೇದಿದ ಕೈಯಲ್ಲಿ ಸೊಪ್ಪು ಮುಟ್ಟಿದರೆ ಅಪ್ಪನಿಗೂ ಬೈಗುಳ ತಪ್ಪುತ್ತಿರಲಿಲ್ಲ. ಹೊಗೆಸೊಪ್ಪಿನ ನಿಕೋಟಿನ್ ರೇಷ್ಮೆ ಹುಳಕ್ಕೆ ವಿಷ. ಸೊಳ್ಳೆ ಬತ್ತಿಯ ಔಷಧಿ ಮೀನಿಗೂ ವಿಷವೇ, ಏರ್ ಪಂಪು ರೂಮಿನ ಗಾಳಿಯನ್ನೇ ಎಳೆದು ನೀರಿಗೆ ಊದುತ್ತೆ. ಅಮ್ಮನಿಗೆ ಪಂಪು ಗೊತ್ತಿರಲಿಲ್ಲ, ಹೊಗೆ ಗೊತ್ತಿತ್ತು.

ಅವತ್ತಿನಿಂದ ಟ್ಯಾಂಕಿನ ಮುಂದೆ ಕೂರೋಕೆ ಶುರು ಮಾಡಿದಳು. ಬೆರಳದ್ದಿ ನಾಲಿಗೆಗೆ ಇಟ್ಟು ನೋಡಿ “ಮಲ್ಪೆ ನೀರೇ” ಅಂತ ತೀರ್ಪು ಕೊಟ್ಟಳು. ಗಂಡು ರೆಕ್ಕೆ ಬೀಸೋದನ್ನ ನೋಡಿ ನಕ್ಕಳು. “ಹೆಂಗಸು ತಿರುಗಾಡ್ಕೊಂಡವ್ಳೆ, ಗಂಡಸು ಮನೇಲಿ ಕೂತು ಮಕ್ಕಳ ನೋಡ್ತಾವ್ನೆ. ಚೆನ್ನಾಗೈತೆ ನಿಮ್ಮ ಮೀನು.” ದೊಡ್ಡದು ಸತ್ತರೆ ಗಂಡೇ ಹೆಣ್ಣಾಗುತ್ತಮ್ಮ ಅಂತ ವಿವರಿಸಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಅದರಲ್ಲೇನೈತೆ, ನಿಮ್ಮಪ್ಪ ಹೋದಮೇಲೆ ನಾನು ಪಂಚಾಯ್ತಿ ಕಟ್ಟೆಗೆ ಹೋಗಿ ಕೂರಲಿಲ್ವಾ” ಅಂದಳು.

ರೇಷ್ಮೆ ಗೊತ್ತಿಲ್ಲದವರಿಗೆ ಚಾಕಿ ಅಂದರೆ ಏನು ಅಂತ ಹೇಳಬೇಕು. ಮೊಟ್ಟೆ ಒಡೆದು ಬಂದ ಹುಳದ ಮೊದಲ ಏಳೆಂಟು ದಿನ, ಎರಡನೇ ಜ್ವರದವರೆಗೆ, ಬಾಣಂತಿ ಕೋಣೆಯ ಹಾಗೆ ಸಾಕೋದು ಚಾಕಿ. ಈಗ ಬಹಳ ಜನ ಚಾಕಿ ಕೇಂದ್ರದಿಂದ ಬೆಳೆದ ಹುಳ ತರ್ತಾರೆ, ನಮ್ಮಮ್ಮನ ಕಾಲದಲ್ಲಿ ಮೊಟ್ಟೆ ತಂದು ಮನೆಯಲ್ಲೇ ಕಟ್ಟೋರು. ನಮ್ಮ ಕಡೆ ‘ಒಂದು ಮೊಟ್ಟೆ’ ಅಂದರೆ ಒಂದು ಚಿಟ್ಟೆ ಇಟ್ಟ ನಾನೂರು-ಐನೂರು ಮೊಟ್ಟೆ. ‘ನೂರು ಮೊಟ್ಟೆ ಕಟ್ಟಿದೀವಿ’ ಅಂದರೆ ನಲವತ್ತು-ಐವತ್ತು ಸಾವಿರ ಹುಳ. ಅಷ್ಟು ಸಾಕಿದವಳಿಗೆ ನನ್ನ ನೂರೈವತ್ತು ಮೊಟ್ಟೆ ಒಂದು ಲೆಕ್ಕವೇ ಅಲ್ಲ.

ಜನವರಿಯಲ್ಲಿ ಮೊಟ್ಟೆಗೆ ಕಣ್ಣು ಬಂದ ದಿನ ನಾನು ಕುಂಡ ತೋರಿಸಿದೆ. “ತಲೆ ಕಪ್ಪಾಯ್ತು ಅನ್ನು. ಕತ್ತಲೆ ಕಟ್ಟು ಮತ್ತೆ” ಅಂದಳು. ರೇಷ್ಮೆ ಮೊಟ್ಟೆಯಲ್ಲೂ ಒಡೆಯೋಕೆ ಎರಡು ದಿನ ಮುಂಚೆ ಒಂದು ಕಪ್ಪು ಚುಕ್ಕಿ ಕಾಣುತ್ತೆ. ಆಗ ಕಪ್ಪು ಕಾಗದದಲ್ಲಿ ಸುತ್ತಿ ಕತ್ತಲಲ್ಲಿ ಇಡ್ತಾರೆ. ಹಿಂದುಮುಂದಾಗಿ ಬಲಿತಿದ್ದ ಮೊಟ್ಟೆಗಳೆಲ್ಲ ಸಮ ಆಗ್ತವೆ, ಮೂರನೇ ದಿನ ಬೆಳಿಗ್ಗೆ ಬೆಳಕಿಗೆ ತೆಗೆದರೆ ಎಲ್ಲ ಒಟ್ಟಿಗೆ ಒಡೀತವೆ. ಹುಳ ಬೆಳಕಿಗೆ ಹುಟ್ಟುತ್ತ್ತೆ, ಮೀನು ಕತ್ತಲಿಗೆ ಹುಟ್ಟುತ್ತೆ. ಅದನ್ನು ಹೇಳಿದಾಗ ಅಮ್ಮ ಒಪ್ಪಲಿಲ್ಲ, ನೋಡೇಬಿಡೋಣ ಅಂದಳು.

ಎಂಟನೇ ರಾತ್ರಿ ಗಂಡಿನ ಕಣ್ಣು ತಪ್ಪಿಸಿ ಕುಂಡ ಎತ್ತಿ, ಅದೇ ಟ್ಯಾಂಕಿನ ನೀರು ತುಂಬಿದ್ದ ಇನ್ನೊಂದು ಸಣ್ಣ ಗಾಜಿನ ತೊಟ್ಟಿಗೆ ಇಟ್ಟೆ. ನಾಲ್ಕೂ ಕಡೆ ಕಪ್ಪು ಕಾಗದ. ಗಂಡಿನ ರೆಕ್ಕೆ ಮಾಡೋ ಕೆಲಸ ಮಾಡೋಕೆ ಮೊಟ್ಟೆಯ ಪಕ್ಕದಲ್ಲಿ ಏರ್‌ಸ್ಟೋನ್‌ನ ಸಣ್ಣ ಗುಳ್ಳೆಗಳು. ಎಂಟು ಗಂಟೆಗೆ ಮನೆಯ ದೀಪ ಎಲ್ಲ ಆರಿಸಿದೆವು, ಫ್ರಿಜ್ ಬಾಗಿಲು ತೆಗೆಯೋ ಹಾಗಿಲ್ಲ ಅಂತ ಕಟ್ಟಪ್ಪಣೆ. ಕತ್ತಲಲ್ಲಿ ಮೂರು ಜನ ನೆಲದ ಮೇಲೆ ಕೂತು ಚಿತ್ರಾನ್ನ ತಿಂದೆವು. ಒಂಬತ್ತೂವರೆಗೆ ಮೂಲೆಯಲ್ಲಿ ಒಂದು ಸಣ್ಣ ಟಾರ್ಚ್ ಹಿಡಿದೆ. ಬೆಳಕಿನ ಕಡೆಗೆ ಬಂದವು ನೋಡಿ, ಮೊದಲು ನಾಲ್ಕು, ಆಮೇಲೆ ಹತ್ತು, ಆಮೇಲೆ ಎಣಿಸೋಕಾಗದಷ್ಟು, ನೀರಿನಲ್ಲಿ ನೀರೇ ಮಿಸುಕಿದ ಹಾಗೆ. ಅಮ್ಮ ಸೆರಗು ಬಾಯಿಗೆ ಒತ್ತಿಕೊಂಡು ನೋಡ್ತಿದ್ದಳು. “ಎಷ್ಟು ಅವೆ?” ಅಂತ ಪಿಸುಗುಟ್ಟಿದಳು, ಜೋರಾಗಿ ಕೇಳಿದರೆ ಎದ್ದುಬಿಡ್ತವೇನೋ ಅನ್ನೋ ಹಾಗೆ.

ಬೆಳಿಗ್ಗೆ ಐದಕ್ಕೇ ಎದ್ದಿದ್ದಳು. ಬಿಸಿನೀರಿನಲ್ಲಿ ಮೊಣಕೈವರೆಗೆ ಕೈ ತೊಳೆದು, ಹೀಟರಿನ ಡಿಗ್ರಿ ಎಷ್ಟು ಅಂತ ಕೇಳಿದಳು. 28 ಅಂದೆ. “ಸರಿ, ಚಾಕಿಗೂ ಅಷ್ಟೇ” ಅಂದಳು. ನಾನು ಕಾಗದದಲ್ಲಿ ಓದಿ ಕಲಿತಿದ್ದ ಅಂಕಿ, ಅವಳು ಹುಳದ ಮನೆಯಲ್ಲಿ ಕೆಂಡದ ಬಾಣಲೆ ಇಟ್ಟು ಕೆನ್ನೆಯಲ್ಲಿ ಅಳೀತಿದ್ದದ್ದು. ಹಗಲು ಪೂರ್ತಿ ಅವಳದೇ ಪಾರುಪತ್ಯ. ಎರಡೆರಡು ಗಂಟೆಗೊಮ್ಮೆ ಸ್ಟೀಲ್ ಲೋಟದಲ್ಲಿ ತೊಟ್ಟಿ ನೀರು ತೆಗೆದು ಬೆಳಕಿಗೆ ಹಿಡಿಯೋಳು. ಮಸುಕು ಚುಕ್ಕೆ ಆಡೋದು ಕಂಡರೆ ರೋಟಿಫರ್ ಇದೆ, ನೀರು ತಿಳಿಯಾಗಿದ್ದರೆ ಮುಗಿದಿದೆ, ಇನ್ನೊಂದು ಲೋಟ ಹಾಕಬೇಕು. ಪುಸ್ತಕಗಳು ಒಂದು ಮಿಲಿಲೀಟರಿಗೆ ಹತ್ತು ರೋಟಿಫರ್ ಇರಲಿ ಅಂತ ಹೇಳ್ತವೆ, ನಾನು ಭೂತಗನ್ನಡಿ ತಂದಿಟ್ಟಿದ್ದೆ. ಅಮ್ಮ ಅದನ್ನು ಮುಟ್ಟಲಿಲ್ಲ. ತಳದ ಕಸವನ್ನು ಸಣ್ಣ ಪೈಪಿನಲ್ಲಿ ದಿನಾ ಎಳೆದು ತೆಗೆದಳು, ಹುಳದ ತಟ್ಟೆಯ ಹಿಕ್ಕೆ ತೆಗೆದ ಹಾಗೆ. ಒಂದು ಮಧ್ಯಾಹ್ನ ಎರಡು ಗಂಟೆ ಕರೆಂಟ್ ಹೋಯಿತು. ನಾನು ಇಂದಿರಾನಗರದಲ್ಲಿ ಮೀಟಿಂಗಿನಲ್ಲಿದ್ದೆ. ಬ್ಯಾಟರಿ ಪಂಪಿನ ಸ್ವಿಚ್ ಅವಳಿಗೆ ಸಿಕ್ಕಿಲ್ಲ. ಎರಡು ಗಂಟೆಯೂ ಸೌಟಿನಲ್ಲಿ ನೀರು ಎತ್ತಿ ಸಣ್ಣಗೆ ಸುರಿಯುತ್ತಾ ಕೂತಿದ್ದಳು. ಒಂದೂ ಸಾಯಲಿಲ್ಲ.

ಏಳನೇ ದಿನದಿಂದ ಆರ್ಟೀಮಿಯಾ ಶುರು. ಒಣಗಿದ ಮೊಟ್ಟೆ ಡಬ್ಬದಲ್ಲಿ ಬರುತ್ತೆ, ಉಪ್ಪುನೀರಿಗೆ ಹಾಕಿ ಗಾಳಿ ಊದಿದರೆ ಒಂದು ದಿನಕ್ಕೆ ಕಿತ್ತಳೆ ಪುಡಿಯ ಹಾಗೆ ಮರಿ ಏಳುತ್ತವೆ. ಅದನ್ನು ತಿಂದ ಮೀನುಮರಿಯ ಹೊಟ್ಟೆ ಕಿತ್ತಳೆ ಚುಕ್ಕಿಯಾಗಿ ಕಾಣುತ್ತೆ, ಹೊಟ್ಟೆ ತುಂಬಿದೆಯೋ ಇಲ್ಲವೋ ಹೊರಗಿಂದಲೇ ಗೊತ್ತಾಗೋ ಇಂಥ ಮಕ್ಕಳು ಎಲ್ಲರಿಗೂ ಸಿಗಲಿ. ಒಂಬತ್ತನೇ ದಿನ ಮರಿಗಳು ಓಡಾಟ ಕಮ್ಮಿ ಮಾಡಿ ತಳಕ್ಕೆ, ಗೋಡೆಗೆ ಸೇರಿಕೊಂಡವು. ಕೆಲವು ಸತ್ತವು. ನನಗೆ ಎದೆ ಹೊಡೆದುಕೊಂಡಿತು. ಅಮ್ಮ ನೋಡಿ, “ಜ್ವರಕ್ಕೆ ಕೂತವೆ. ಏಳ್ತವೆ ಬಿಡು, ಕೆಣಕಬೇಡ” ಅಂದಳು. ರೇಷ್ಮೆ ಹುಳ ಪೊರೆ ಕಳಚೋ ಮುಂಚೆ ತಲೆ ಎತ್ತಿ ಸುಮ್ಮನೆ ಕೂರುತ್ತಲ್ಲ, ಅದಕ್ಕೆ ನಮ್ಮ ಕಡೆ ಜ್ವರ ಅಂತಾರೆ. ಮೀನಿಗೆ ಪೊರೆ ಇಲ್ಲ, ರೂಪಾಂತರ ಇದೆ: ಪಾರದರ್ಶಕ ಚೂರು ಮೀನಾಗೋ ಹೊತ್ತು ಅದು. ಹನ್ನೊಂದನೇ ದಿನ ಮೊದಲನೇ ಮರಿಯ ಕೆನ್ನೆಯ ಹಿಂದೆ ಉಗುರಿನ ಗೀರಿನಷ್ಟು ಬಿಳಿ ಪಟ್ಟೆ ಬಂತು. ಉಳಿದವು 61.

“ಇದನ್ನ ತಿನ್ನಲ್ಲ, ನೂಲು ತೆಗೆಯಲ್ಲ. ಮತ್ತೆ ಯಾಕಪ್ಪಾ?” ಅಂತ ಅಮ್ಮ ಕೇಳಿದ್ದು ಮರಿಗಳು ಅರ್ಧ ಇಂಚಾದ ಮೇಲೆ. ಸಮುದ್ರದಿಂದ ಹಿಡಿದು ತರೋದು ಅಷ್ಟು ಕಮ್ಮಿ ಆಗುತ್ತಮ್ಮ ಅಂದೆ. ಗೂಡನ್ನು ಬಿಸಿನೀರಿಗೆ ಹಾಕೋದನ್ನ ನೋಡುತ್ತಾ ಬದುಕಿದವಳು, ತಲೆಯಾಡಿಸಿದಳು. “ಒಳ್ಳೇದೇ. ಹುಳಕ್ಕಿಂತ ಇದು ಪುಣ್ಯವಂತ ಕಸುಬು” ಅಂದಳು. ಆ 2024ರ ಮಾರ್ಚ್ ನಿಮಗೂ ನೆನಪಿರಬಹುದು. ನಗರದಲ್ಲಿ ನೀರಿಲ್ಲ, ಟ್ಯಾಂಕರಿನವರು ಹೇಳಿದ್ದೇ ರೇಟು. ನಮ್ಮ ಬೀದಿಯಲ್ಲಿ ದಿನ ಬಿಟ್ಟು ದಿನ ಕಾವೇರಿ. ಆರ್‌ಓ ಬಿಡೋ ಪೋಲು ನೀರನ್ನು ಬಕೆಟ್ಟಿಗೆ ಹಿಡಿದು ನೆಲ ಒರೆಸೋದು, ಪಾತ್ರೆ ತೊಳೆಯೋದು ಎಲ್ಲ ಅದರಲ್ಲೇ ಮಾಡಿದೆವು. ಸಾವಿರದಿನ್ನೂರು ಅಡಿ ಕೊರೆದರೂ ಧೂಳು ಬರೋ ಊರಿಂದ ಬಂದವಳಿಗೆ ಇದೇನು ಹೊಸದಲ್ಲ. ಆದರೆ ಬದಲಾಯಿಸಿದ ಉಪ್ಪುನೀರನ್ನು ಬಚ್ಚಲಿಗೆ ಚೆಲ್ಲೋವಾಗ ಮಾತ್ರ ಅವಳು ತಮಾಷೆ ಮಾಡೋಳು: “ಹೋಗ್ಲಿ ಬಿಡು, ನಮ್ಮೂರ ಕೆರೆಗೇ ತಾನೆ.” ಅದು ನಿಜ ಕೂಡ. ಈ ಭಾಗದ ಬಚ್ಚಲು ನೀರು ಇಳಿಯೋದು ಕೋರಮಂಗಲ-ಚಲ್ಲಘಟ್ಟ ಕಣಿವೆಗೆ. ಅದನ್ನು ಸಂಸ್ಕರಿಸಿ ಕೋಲಾರದ ಕೆರೆಗಳಿಗೆ ಪಂಪ್ ಮಾಡೋದು 2018ರಲ್ಲಿ ಶುರುವಾಯ್ತು. ನೊರೆ ಬಂತು ಅಂತ ಜನ ಕೋರ್ಟಿಗೆ ಹೋದರು, ಇನ್ನೊಂದು ಹಂತ ಶುದ್ಧಿ ಮಾಡಿ ಕೊಡಿ ಅನ್ನೋ ಒತ್ತಾಯ ಇವತ್ತಿಗೂ ಇದೆ, ನಾನೂ ಅದರ ಪರವೇ. ಆದರೆ ಕೆರೆಯಲ್ಲಿ ನೀರು ನಿಂತಿರೋದಂತೂ ಹೌದು. ಅಕ್ಕಪಕ್ಕದ ಬೋರುಗಳು ಮತ್ತೆ ಜೀವ ಹಿಡಿದಿವೆ ಅಂತ ಅಮ್ಮನಿಗೆ ಊರಿಂದ ಫೋನಿನಲ್ಲಿ ಸುದ್ದಿ ಬರ್ತಿತ್ತು. ಆ ಸುದ್ದಿಯನ್ನು ಅವಳು ನನ್ನ ಹತ್ತಿರ ಹೇಳುತ್ತಿರಲಿಲ್ಲ, ಕೆಳಗಿನ ಅಜ್ಜಿ ಹತ್ತಿರ ಹೇಳೋಳು.

ಮೇ ತಿಂಗಳಲ್ಲಿ ಮರಿಗಳು ಒಂದು ಇಂಚು ದಾಟಿದವು. ನಲವತ್ತನ್ನು ಆಮ್ಲಜನಕ ತುಂಬಿದ ಕವರುಗಳಲ್ಲಿ ಹಾಕಿಸಿಕೊಂಡು ಆಟೋದಲ್ಲಿ ಶಿವಾಜಿನಗರಕ್ಕೆ ಹೊರಟೆ. ನಾನೂ ಬತ್ತೀನಿ ಅಂದಳು. ಅಂಗಡಿಯವರು ನೂರು ರೂಪಾಯಿ ಅಂದರು. ಅಮ್ಮ ಒಂದು ಕವರ್ ಎತ್ತಿ ಬೆಳಕಿಗೆ ಹಿಡಿದು, ಪಟ್ಟೆ ನೋಡಿ, ಲವಲವಿಕೆ ನೋಡಿ ಅಂತ ಗೂಡಿನ ಮಾರುಕಟ್ಟೆಯಲ್ಲಿ ಲಾಟ್ ತೋರಿಸೋ ದನಿಯಲ್ಲೇ ಶುರು ಮಾಡಿದಳು. 120ಕ್ಕೆ ಮುಗೀತು. ಒಟ್ಟು 4,800. ಉಪ್ಪು, ಆರ್ಟೀಮಿಯಾ, ಕರೆಂಟ್ ಎಲ್ಲ ಸೇರಿ ನನಗೆ ಆಗಿದ್ದ ಖರ್ಚು ಒಂಬತ್ತು ಸಾವಿರದ ಹತ್ತಿರ. ಕೂಲಿ ಗಿಟ್ಟಲಿಲ್ಲ ಅಂದೆ. “ಮೊದಲನೇ ಬೆಳೆ ಹಂಗೇ” ಅಂದಳು. ಗಾಜಿನ ಬೋಗುಣಿಯಲ್ಲಿ ಇಡೋರಿಗೆ ಕೊಡಬೇಡಿ ಅಂತ ನಾನು ಅಂಗಡಿಯವರಿಗೆ ಹೇಳಿ ಬಂದೆ, ಅವರು ಹ್ಞೂಂ ಅಂದರು.

ವಾಪಸ್ ಬರೋವಾಗ ಆಟೋದಲ್ಲಿ, ದುಡ್ಡನ್ನು ಸೆರಗಿನ ತುದಿಗೆ ಗಂಟು ಹಾಕುತ್ತಾ, ಜಮೀನು ಕೊಡಲ್ಲ ಅಂದಳು. ಮಳೆಗಾಲಕ್ಕೆ ಹಿಪ್ಪುನೇರಳೆ ಕಡ್ಡಿ ನೆಡಿಸ್ತೀನಿ, ಪಕ್ಕದ ಹೊಲದವರು ನೀರು ಕೊಡ್ತೀನಿ ಅಂದವ್ರೆ, ಡ್ರಿಪ್ಪಿಗೆ ನೀನು ದುಡ್ಡು ಹಾಕು. ಅಷ್ಟೂ ಒಂದೇ ಉಸಿರಿನಲ್ಲಿ. ನಾನು ಫ್ಲಾಟಿನ ಮಾತು ಎತ್ತಲಿಲ್ಲ ಅಂತಲ್ಲ, ಎತ್ತಿದೆ. ನಿನ್ನ ವಯಸ್ಸಿಗೆ ಒಬ್ಬಳೇ ಹೇಗೆ ಅಂತಲೂ ಕೇಳಿದೆ, ಎರಡು ದಿನ ಮನೇಲಿ ಮಾತಿಗೆ ಮಾತು ಬೆಳೆಯಿತು. ಹೆಂಡತಿ ಕೊನೆಗೆ ಅತ್ತೆಯ ಕಡೆ ಸೇರಿದಳು. ಕೆಲಸ ಇಲ್ಲದೆ ಇಲ್ಲಿ ಕೂರಿಸಿದರೆ ಏನಾಗುತ್ತೆ ಅಂತ ನವೆಂಬರ್‌ನಿಂದ ಜನವರಿವರೆಗೆ ನೋಡಿದೀವಲ್ಲ ಅಂದಳು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಫ್ಲಾಟಿನವರು ಇನ್ನೂ ಮೆಸೇಜ್ ಕಳಿಸ್ತಿದ್ದಾರೆ. ಚಿಕ್ಕಪ್ಪ ನನ್ನ ಹತ್ತಿರ ಮಾತು ಬಿಟ್ಟಿದ್ದಾರೆ.

ಜುಲೈನಲ್ಲಿ ಊರಿಗೆ ಹೋದಳು. ವಿ-1 ಕಡ್ಡಿ ನೆಡಿಸಿದ್ದಾಳೆ, ಮೂರಡಿ ಬಂದಿದೆ, ಹುಳದ ಮನೆಗೆ ಸುಣ್ಣ ಬಳಿಸಿದ್ದಾಳೆ. ದಿನಾ ರಾತ್ರಿ ಎಂಟೂವರೆಗೆ ಫೋನ್. ಮೊದಲು ಮೊಟ್ಟೆಯ ಬಣ್ಣ ಕೇಳ್ತಾಳೆ, ಆಮೇಲೆ ನಮ್ಮ ಊಟ. ನಾಳಿದ್ದು ಬುಧವಾರ ರಾತ್ರಿ ಹೊಸ ಬ್ಯಾಚ್ ಒಡೀಬೇಕು. ಹಗಲು ನೋಡೋಕೆ ಕೆಳಗಿನ ಮನೆ ಅಜ್ಜಿ ಒಪ್ಪಿದ್ದಾರೆ. ಅಮ್ಮ ಫೋನಿನಲ್ಲೇ ತೆಲುಗು-ತಮಿಳಿನಲ್ಲಿ ಎಲ್ಲ ಹೇಳಿಕೊಟ್ಟಿದ್ದಾಳೆ: ಎರಡು ಗಂಟೆಗೊಮ್ಮೆ ಲೋಟ ಬೆಳಕಿಗೆ ಹಿಡಿಯೋದು, ಕರೆಂಟ್ ಹೋದರೆ ಸೌಟು, ಕೈ ಮೊಣಕೈವರೆಗೆ ತೊಳೆಯೋದು. ಅಜ್ಜಿ ನಶ್ಯ ಸೇದ್ತಾರೆ. ಅದನ್ನು ಅಮ್ಮನಿಗೆ ಇನ್ನೂ ಹೇಳಿಲ್ಲ.